ಮೂರ್ತಪ್ಪನ ಬಡಿತ

ಲಕ್ವ ಹೊಡೆದ ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಅದೇ ಮಂಚದ ಪಕ್ಕ ಡಿಜೆ ಕಲಿಯಲು ಕೂತವನನ್ನು ಊರು ಏನೇನೆಂದು ಕರೆಯಬಹುದೋ ಅಷ್ಟನ್ನೂ ಲಕ್ಷ್ಮೀಕಾಂತನಿಗೆ ಅಂದು ಮುಗಿಸಿತ್ತು. ದಂಡಪಿಂಡ ಅಂದರು. ಅಪ್ಪನ ಜೀವ ಹೋಗುವ ಮೊದಲೇ ತಿಥಿಗೆ ಹಾಡು ಹುಡುಕುತ್ತಿದ್ದಾನೆ ಅಂದರು. ಅವನು ಮಾತ್ರ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡವನಿಗೆ ಅದೊಂದು ಅನುಕೂಲ ನೋಡಿ.

ಹಾಗಂತ ಅವನೇನು ಮನೆ ಹಾಳು ಮಾಡುವ ಮಗನಲ್ಲ. ಯುಗಾದಿ ಕಳೆದು ಅಪ್ಪ ಮೂರ್ತಪ್ಪನ ಬಲಗೈ ಬಲಗಾಲು ಬಿದ್ದುಹೋದಾಗ, ಚಿತ್ರದುರ್ಗದ ಮೊಬೈಲ್ ಅಂಗಡಿಯ ಕೆಲಸಕ್ಕೆ ಕೈಮುಗಿದು ಹೊಳಲ್ಕೆರೆ ಪಕ್ಕದ ಈ ಊರಿಗೆ ವಾಪಸು ಬಂದವನು ಅವನೇ. ಅವ್ವ ಓಬವ್ವ ಅಡಿಕೆ ಸುಲಿಯಲು ಶೆಡ್ಡಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಹಗಲು ಹೊತ್ತು ಅಪ್ಪನ ಉಚ್ಚೆ ತೆಗೆದು, ಮೈ ಒರೆಸಿ, ಗಂಜಿ ಕುಡಿಸಿ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸಲು ಒಬ್ಬರು ಬೇಕಲ್ಲ. ಅದನ್ನೆಲ್ಲ ಮೂಗು ಮುರಿಯದೆ ಮಾಡುತ್ತಿದ್ದ. ಮಾಡಿ ಮುಗಿಸಿದ ಮೇಲೆ ಉಳಿಯುತ್ತಿದ್ದ ಹೊತ್ತು ಅವನದು.

ಆ ಹೊತ್ತಿನಲ್ಲಿ ಅವನಿಗಿದ್ದದ್ದು ಒಂದೇ ಆಸೆ. ಚಿತ್ರದುರ್ಗದ ಮುರುಗಪ್ಪ ಎನ್ನುವವನ ಸೌಂಡ್ ಲಾರಿಯ ಮೇಲೆ ನಿಂತು ಮೆರವಣಿಗೆ ಕುಣಿಸಬೇಕು. ಮುರುಗಪ್ಪ ಒಳ್ಳೆಯವನೇ, ಆದರೆ ಬಾಯಿ ಜೋರು. ನಿನ್ನಂಥವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಯಾರ ಹತ್ತಿರವೂ ಇಲ್ಲದ್ದು ಏನಾದರೂ ತಂದರೆ ರಾಜ್ಯೋತ್ಸವದ ಮೆರವಣಿಗೆಗಳಿಗೆ ಲಾರಿ ಹತ್ತಿಸುತ್ತೇನೆ ಅಂದಿದ್ದ. ಅಂದು, ಬಟ್ಟೆ ಹರಿದ ಹಳೇ ಸ್ಪೀಕರ್ ಒಂದನ್ನು ಅಭ್ಯಾಸಕ್ಕೆಂದು ಕೊಟ್ಟೂ ಕಳಿಸಿದ್ದ. ಲಕ್ಷ್ಮೀಕಾಂತನ ಹತ್ತಿರ ಹಳೇ ಲ್ಯಾಪ್‌ಟಾಪ್ ಇತ್ತು, ಅದಕ್ಕೆ ತಗುಲಿಸುವ ಎರಡು ಚಕ್ರದ ಹಲಗೆಯಿತ್ತು. ಒಂದು ಹಾಡು ಹೊರಗೆ ಓಡುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನ ಒಂದು ಕಿವಿಯಲ್ಲಿ ಕೇಳಿಕೊಂಡು, ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಎರಡರ ಹೆಜ್ಜೆಯನ್ನೂ ಒಂದು ಮಾಡಿ, ಕೇಳುವವರಿಗೆ ಗೊತ್ತಾಗದಂತೆ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬೇಕು. ಕೆಲಸ ಅಷ್ಟೇ. ಆದರೆ ಅಷ್ಟು ಮಾಡುವುದಕ್ಕೆ ಕೂದಲು ಉದುರುತ್ತದೆ.

ಒಂದು ಕಿವಿ ಮುಚ್ಚಿಕೊಂಡು ಅದೇನು ಕೇಳುತ್ತಾನೆ ಇವನು ಎಂದು ಮೂರ್ತಪ್ಪ ಸೊಟ್ಟ ಬಾಯಲ್ಲೇ ನಗುತ್ತಿದ್ದ. ಮಾತು ತೊದಲುತ್ತಿತ್ತು, ನಗು ಮಾತ್ರ ಹಳೆಯದೇ.

ಮಂಚದ ತಲೆದೆಸೆಯ ಗೋಡೆಗೆ ಮೂರ್ತಪ್ಪನ ತಮಟೆ ನೇತುಹಾಕಿತ್ತು. ಒಂದು ಕಾಲಕ್ಕೆ ಊರಿನಲ್ಲಿ ಯಾರು ಸತ್ತರೂ ಮೊದಲು ಆಳು ಬರುತ್ತಿದ್ದದ್ದು ಇದೇ ಬಾಗಿಲಿಗೆ. ಮೂರ್ತಪ್ಪ ಸಾವಿನ ಬಡಿತ ಬಡಿದನೆಂದರೆ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಯಾರ ಮನೆಯ ಕಡೆಯಿಂದ ಎಂದು ಕಿವಿ ಕೊಡುತ್ತಿದ್ದರು. ಒಂದು ಸಲ ದೊಡ್ಡ ಮನೆಯೊಂದರ ಮುದುಕ ಸತ್ತಾಗ, ಬರಬೇಕಾದ ನೆಂಟರು ತಡವಾದರೆಂದು, ಜ್ವರದಲ್ಲಿ ನಡುಗುತ್ತಿದ್ದ ಮೂರ್ತಪ್ಪನನ್ನು ಬೆಳಗಿನಿಂದ ಸಂಜೆಯವರೆಗೆ ಬಾರಿಸಲು ಹಚ್ಚಿದರು. ನೀರು ಕೇಳಿದ್ದಕ್ಕೆ ದನದ ಬಾನಿ ತೋರಿಸಿದರು. ಅವನು ಅಲ್ಲೇ ತಮಟೆ ಇಳಿಸಿ ಮನೆಗೆ ಬಂದ. ಕೇರಿಯವರೆಲ್ಲ ಸೇರಿದರು, ಇನ್ನು ಮೇಲೆ ಯಾರ ಸಾವಿಗೂ ನಮ್ಮ ತಮಟೆ ಇಲ್ಲ ಎಂದು ತೀರ್ಮಾನವಾಯಿತು. ಅವತ್ತಿನಿಂದ ಊರಿನ ಹೆಣಗಳು ಹೊಳಲ್ಕೆರೆಯ ಬ್ಯಾಂಡ್‌ಸೆಟ್ಟಿನ ಜೊತೆ ಹೋಗತೊಡಗಿದವು.

ಇದೆಲ್ಲ ಲಕ್ಷ್ಮೀಕಾಂತನಿಗೆ ಗೊತ್ತಿಲ್ಲದ್ದೇನಲ್ಲ. ಬಡಿತವೂ ನೆನಪಿತ್ತು, ಚಿಕ್ಕವನಾಗಿದ್ದಾಗ ಅಪ್ಪನ ಬೆನ್ನ ಹಿಂದೆ ನಡೆದವನಲ್ಲವೇ. ಎರಡು ಗಟ್ಟಿ ಪೆಟ್ಟು, ಒಂದು ತಡೆ, ಮತ್ತೊಂದು ಪೆಟ್ಟು, ನಡುವೆ ಎಡಗೈಯ ತೆಳು ಕಡ್ಡಿಯ ಚಿಟಚಿಟ. ಒಂದು ಮಧ್ಯಾಹ್ನ ಗೋಡೆ ನೋಡುತ್ತ ಕೂತವನಿಗೆ ಥಟ್ಟನೆ ಹೊಳೆಯಿತು: ಇದು ಜಿಲ್ಲೆಯ ಯಾವ ಡಿಜೆಯ ಹತ್ತಿರವೂ ಇಲ್ಲ. ಅಪ್ಪ ನಿದ್ದೆಯಲ್ಲಿದ್ದ. ತಮಟೆ ಇಳಿಸಿಕೊಂಡು ಹಿತ್ತಲಿಗೆ ಹೋದ, ಅಡಿಕೆ ಸಿಪ್ಪೆಗೆ ಬೆಂಕಿ ಹಚ್ಚಿ ಸಡಿಲಾದ ಚರ್ಮ ಕಾಯಿಸಿದ, ನಾಲ್ಕು ಸುತ್ತು ಬಾರಿಸಿ ಫೋನಿನಲ್ಲಿ ಹಿಡಿದುಕೊಂಡ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ತಾನಾಗಿಯೇ ಸುತ್ತುತ್ತಿರುವಂತೆ ಮಾಡಿ, ಅದರ ಕೆಳಗೆ ಗುಡುಗಿನಂಥ ಬೇಸ್ ಕೂಡಿಸಿದ. ಬೇಸ್ ಹೆಡ್‌ಫೋನಿನಲ್ಲಿ ತಿಳಿಯುವುದಿಲ್ಲ, ಎದೆಗೆ ಬಡಿಯಬೇಕು. ಮುರುಗಪ್ಪನ ಸ್ಪೀಕರಿಗೆ ವೈರು ಸಿಕ್ಕಿಸಿ, ಬಾಗಿಲು ತೆರೆದಿದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಗುಂಡಿ ತಿರುಗಿಸಿದ.

ಅವನ ತಲೆಯಲ್ಲಿ ಅದು ಬರೀ ಸೌಂಡು. ಅಯ್ಯೋ ಮಾರಾಯ, ಕಾಯಿಲೆ ಮನುಷ್ಯನಿರುವ ಮನೆಯಿಂದ ಆ ಬಡಿತ ಎದ್ದರೆ ಕೇಳಿದವರು ಏನೆಂದುಕೊಳ್ಳಬೇಕು? ಅಷ್ಟೂ ಹೊಳೆಯಲಿಲ್ಲ ಅವನಿಗೆ.

ಅಡಿಕೆ ಶೆಡ್ಡು ಊರಾಚೆ. ಕೂಗಿದರೆ ಕೇಳುವುದಿಲ್ಲ, ತಮಟೆ ಬಡಿದರೆ ಕೇಳುತ್ತದೆ. ಓಬವ್ವ ಅಡಿಕೆ ಸುಲಿಯುವ ಕತ್ತಿಯ ಮುಂದಿನಿಂದ ಎದ್ದವಳೇ ಓಡಿದಳು. ಅವಳ ಹಿಂದೆ ಪಕ್ಕದ ಮನೆಯ ಯಲ್ಲಕ್ಕ ಓಡಿದಳು, ಯಲ್ಲಕ್ಕನ ಹಿಂದೆ ಶೆಡ್ಡಿಗೆ ಶೆಡ್ಡೇ ಓಡಿತು. ಹೊಲದಿಂದ ಗಂಡಸರು ಬಂದರು, ದಾರಿಯಲ್ಲೇ ಯಾರೋ ಹೂವಿನ ಹಾರಕ್ಕೂ ಹೇಳಿಯಾಗಿತ್ತು. ಲಕ್ಷ್ಮೀಕಾಂತ ತಲೆಯೆತ್ತಿದಾಗ ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಬರುವ ದಾರಿಯಲ್ಲಿ ಬೇವಿನ ಕಟ್ಟೆಗೆ ಎರಡೂ ಕೈ ಅಪ್ಪಳಿಸಿ ಬಳೆ ಒಡೆದುಕೊಂಡಿದ್ದಳು. ಮುಂಗೈಯಿಂದ ರಕ್ತ ಬೆರಳಿಗೆ ಇಳಿದು ಸೀರೆಗೆ ಹತ್ತಿತ್ತು. ಮಂಚದ ಮೇಲೆ ಮೂರ್ತಪ್ಪ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

ಸ್ಪೀಕರ್ ಬಂದ್ ಮಾಡಿದವರು ಯಾರೋ ಲಕ್ಷ್ಮೀಕಾಂತನಿಗೆ ತಿಳಿಯಲಿಲ್ಲ. ಓಬವ್ವ ಮಗನ ಕಡೆ ತಿರುಗಲೂ ಇಲ್ಲ. ಮಂಚದ ಕಾಲ ಹತ್ತಿರ ಕುಸಿದು ಗಂಡನ ಪಾದ ಹಿಡಿದುಕೊಂಡಳು.

“ನಾನೇ ನಿಮ್ಮನ್ನ ಸಾಯಿಸಿಬಿಟ್ನಲ್ಲ,” ಅಂದಳು.

ಬೈಗುಳದ ಪಾಲು ಯಲ್ಲಕ್ಕ ವಹಿಸಿಕೊಂಡಳು. ಹೆತ್ತ ತಾಯಿಯ ಬಳೆ ಒಡೆಸಿದವನು ಯಾವ ಲಾರಿ ಹತ್ತಿ ಉದ್ಧಾರ ಆಗುತ್ತಾನೋ ನೋಡುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಆಡಿದಳು. ಲಕ್ಷ್ಮೀಕಾಂತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಂದವರು ಗೊಣಗುತ್ತ ಹೊರಟರು. ಮನೆಯಲ್ಲಿ ಮೂವರೇ ಉಳಿದಾಗ ಮೂರ್ತಪ್ಪ ಎಡಗೈ ಎತ್ತಿ ಮಗನನ್ನು ಹತ್ತಿರ ಕರೆದ. ಹೊಡೆಯುತ್ತಾನೆಂದು ಇವನು ಕೆನ್ನೆ ಕೊಟ್ಟು ಕೂತ.

“ತಡೆ ಸಾಲ್ದು,” ಅಂದ ಮೂರ್ತಪ್ಪ.

ಇವನಿಗೆ ಅರ್ಥವಾಗಲಿಲ್ಲ. ಮೂರ್ತಪ್ಪ ಎಡಗೈ ಬೆರಳಲ್ಲಿ ಮಂಚದ ಕಬ್ಬಿಣದ ಪೈಪಿನ ಮೇಲೆ ಬಡಿದು ತೋರಿಸಿದ. ಎರಡು ಪೆಟ್ಟು. ಆಮೇಲೆ ಉಸಿರು ಹಿಡಿದವನ ಹಾಗೆ ಬೆರಳು ತಡೆದ. ಆಮೇಲೆ ಒಂದು ಪೆಟ್ಟು.

“ಇದು ಸತ್ತೋನಿಗಲ್ಲ ಕಣಲೇ. ಸತ್ತೋನಿಗೆ ಕಿವಿ ಎಲ್ಲೈತೆ? ಇರೋರನ್ನ ಕರಿಯಾಕೆ ಇದು. ಬಡಿದು, ತಡೀಬೇಕು. ಆ ತಡೆಯಾಗೆ ಅವರು ಬಾಗ್ಲಿಗೆ ಬರ್ತಾರೆ.”

ಅಷ್ಟು ಹೇಳುವುದಕ್ಕೆ ಅವನಿಗೆ ಬೆವರು ಬಂತು.

ಒಡೆದ ಬಳೆಯ ಮಾತು ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಗಂಡ ಬದುಕಿದ್ದಾಗಲೇ ಬಳೆ ಒಡೆದುಕೊಂಡವಳು ತಾನಾಗಿ ತೊಟ್ಟುಕೊಳ್ಳುವ ಹಾಗಿಲ್ಲ, ಗಂಡನೇ ತನ್ನ ಕೈಯಾರೆ ತೊಡಿಸಬೇಕು ಎಂದು ಕೇರಿಯ ಹಿರೇ ಹೆಂಗಸರು ತೀರ್ಮಾನ ಕೊಟ್ಟರು. ಹೊಸದುರ್ಗದ ಕಡೆಯಿಂದ ಬಳೆ ಮಾರಿಕೊಂಡು ಬರುವ ಸರ್ವಮಂಗಳಳನ್ನು ಕರೆಸಿದರು. ಮೂರ್ತಪ್ಪನಿಗೆ ಇದ್ದದ್ದು ಎಡಗೈ ಒಂದೇ. ಲಕ್ಷ್ಮೀಕಾಂತ ಅವ್ವನ ಅಂಗೈಯನ್ನು ಮೊಗ್ಗಿನಂತೆ ಒತ್ತಿ ಹಿಡಿದ, ಅಪ್ಪ ಬೆವರುತ್ತ ಬೆವರುತ್ತ ಹಸಿರು ಬಳೆ ಒಂದೊಂದೇ ಏರಿಸಿದ. ಅದೇ ಗಂಡನ ಜೊತೆ ಎರಡನೇ ಮದುವೆ, ಊಟ ಮಾತ್ರ ಇಲ್ಲ ಎಂದು ಯಲ್ಲಕ್ಕ ರೇಗಿಸಿದಳು. ಓಬವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಮನೆಯಲ್ಲಿ ಲಕ್ವ ಹೊಡೆದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಲಕ್ಷ್ಮೀಕಾಂತ ತಮಟೆಯನ್ನು ಗೋಡೆಗೆ ಹಾಕಿ, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿಬಿಡುತ್ತೇನೆ ಅಂದ. ಮನಸ್ಸಿನಿಂದಲೇ ಅಂದ. ಬೇಡ ಅಂದವಳು ಓಬವ್ವ. ಗಂಡನಿಗೆ ಆ ಬಡಿತ ಕೇಳಿದಾಗಿನಿಂದ ಮುಖದಲ್ಲಿ ಕಳೆ ಬಂದಿದ್ದನ್ನು ಅವಳು ಕಂಡಿದ್ದಳು. ಒಂದು ಹೊತ್ತು ಹೆಚ್ಚು ಗಂಜಿ ಕುಡಿಯುತ್ತಿದ್ದ, ಬೆರಳು ಸುಮ್ಮನಿರುತ್ತಿರಲಿಲ್ಲ. ಮಗನ ಲಾರಿಯ ಆಸೆಯೂ ಅವಳಿಗೆ ಗೊತ್ತಿತ್ತು. ಯೋಚನೆ ಮಾಡಿ ಒಂದು ಉಪಾಯ ಹೇಳಿದಳು.

“ಬಾರಿಸು. ಆದ್ರೆ ನಿತ್ಯ ಬಾರಿಸು. ಒಂದಿನ ಬಿಟ್ಟು ಒಂದಿನ ಬಾರಿಸಿದ್ರೆ ನನ್ನ ಎದೆ ಒಡೀತೈತೆ. ನಿತ್ಯ ಕೇಳ್ತಿದ್ರೆ ನಮ್ಮ ಹುಡುಗಂದೇ ಬಿಡು ಅಂತ ಕೆಲಸ ನೋಡ್ಕಂತೀನಿ.”

ಎಂಥ ಬುದ್ಧಿವಂತಿಕೆಯ ಮಾತು ಅನ್ನಿಸಿತು ಎಲ್ಲರಿಗೂ. ಮೂರ್ತಪ್ಪನಿಗೂ ಅನ್ನಿಸಿತು. ಅದರಲ್ಲೇನಾದರೂ ತಪ್ಪಿದೆಯೇ ಎಂದು ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ.

ಹಾಗೆ ಶುರುವಾಯಿತು ರಿಯಾಜು. ಮಧ್ಯಾಹ್ನದ ಊಟವಾದ ಮೇಲೆ ಮಗ ಸ್ಪೀಕರ್ ಹಚ್ಚುವುದು, ಅಪ್ಪ ಪೈಪಿನ ಮೇಲೆ ಬೆರಳಾಡಿಸಿ ತಿದ್ದುವುದು. ಲ್ಯಾಪ್‌ಟಾಪು ತನಗೆ ತಾನೇ ಪೆಟ್ಟುಗಳನ್ನು ಸಮ ಮಾಡಿ ತಡೆಯನ್ನು ನುಂಗಿಬಿಡುತ್ತಿತ್ತು, ಅದನ್ನು ಬಿಡಿಸಿ ಬಿಡಿಸಿ ಅಪ್ಪ ಹೇಳಿದಷ್ಟಕ್ಕೆ ನಿಲ್ಲಿಸುವುದರಲ್ಲಿ ಲಕ್ಷ್ಮೀಕಾಂತನಿಗೆ ದಿನಗಳು ಹೋದವು. ಕೊನೆಗೆ ಒಂದು ದಿನ ಮೂರ್ತಪ್ಪ ಕಣ್ಣು ಮುಚ್ಚಿ ಕೇಳಿ, ಹೂಂ ಅಂದ. ಸಾವಿಗೆ ಬಾರಿಸಿದ್ದಕ್ಕೆ ಬಾನಿಯ ನೀರು ತೋರಿಸಿದ ಊರಲ್ಲೇ ಇದಕ್ಕೆ ಜನ ಕುಣಿಯುತ್ತಾರೆ ನೋಡು ಅಪ್ಪ, ಲಾರಿ ನಮ್ಮ ಬಾಗಿಲ ಮುಂದೆಯೇ ನಿಲ್ಲಿಸುತ್ತೇನೆ ಎಂದು ಮಗ ಹೇಳಿದ. ಮೂರ್ತಪ್ಪನ ಎಡಗಣ್ಣಲ್ಲಿ ನೀರು ಬಂತು. ಬಲಗಣ್ಣಲ್ಲಿ ಲಕ್ವ ಹೊಡೆದಂದಿನಿಂದ ಬರುತ್ತಲೇ ಇತ್ತು.

ಕೇರಿಗೂ ಅಭ್ಯಾಸವಾಯಿತು. ಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದವರು ಆಮೇಲೆ ಅದನ್ನೇ ಗಡಿಯಾರ ಮಾಡಿಕೊಂಡರು. ಆಡು ಮೇಯಿಸುವ ಚಿಕ್ಕತಿಮ್ಮಪ್ಪ ಎನ್ನುವ ಮುದುಕ ಬಡಿತ ಕೇಳಿದ ಮೇಲೇ ಆಡು ಹೊಡೆದುಕೊಂಡು ಹೊರಡುತ್ತಿದ್ದ. ಶೆಡ್ಡಿನಲ್ಲಿ ಓಬವ್ವನ ಕೈ ಕತ್ತಿಯ ಮೇಲಿಂದ ಕದಲುತ್ತಿರಲಿಲ್ಲ. ಮುರುಗಪ್ಪ ಬಂದು ಕೇಳಿದ, ಕೇಳಿದವನು ಮಾತಾಡದೆ ಎರಡನೇ ಸಲ ಹಾಕಿಸಿದ. ಹೊಸದುರ್ಗದ ರಾಜ್ಯೋತ್ಸವದ ಮೆರವಣಿಗೆಗೆ ಬಾ ಅಂದ. ಲಕ್ಷ್ಮೀಕಾಂತನಿಗೆ ಆ ಸಂತೋಷ ತಡೆಯಲಾಗಲಿಲ್ಲ, ಮಂಚದ ಮೇಲೆ ಅಪ್ಪನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನ ಮೂರ್ತಪ್ಪ ಗಂಜಿಗೆ ಬಾಯಿ ತೆರೆಯಲಿಲ್ಲ. ಲಕ್ಷ್ಮೀಕಾಂತ ಕೆನ್ನೆ ತಟ್ಟಿದ, ಎಡಗೆನ್ನೆಯೂ ಜೋತುಬಿದ್ದಂತಿತ್ತು. ಉಸಿರು ಗಂಟಲಲ್ಲಿ ಗೊರಗೊರ ಅನ್ನುತ್ತಿತ್ತು. ಎರಡನೇ ಸಲ ಹೊಡೆದರೆ ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವ್ವನಿಗೆ ಫೋನ್ ಮಾಡಿದ. ಅವ್ವನ ಫೋನು ದೇವರ ಗೂಡಿನಲ್ಲೇ ಚಾರ್ಜಿಗಿಟ್ಟಲ್ಲಿ ರಿಂಗಾಯಿತು. ಯಲ್ಲಕ್ಕನದು ಸ್ವಿಚಾಫ್. 108 ಆಂಬುಲೆನ್ಸಿನ ಲೈನು ಸಿಗಲಿಲ್ಲ. ಆಟೋ ಓಡಿಸುವ ಗೆಳೆಯ ಓಬಳೇಶನಿಗೆ ಮಾಡಿದ, ಚಿತ್ರದುರ್ಗದ ದಾರಿಯಲ್ಲಿದ್ದೇನೆ, ಪ್ಯಾಸೆಂಜರ್ ಇಳಿಸಿ ಬಂದೇ ಬಿಟ್ಟೆ ಎಂದು ಅವನು ಫೋನಿಟ್ಟ. ಬರುವಾಗ ಶೆಡ್ಡಿನಿಂದ ಅವ್ವನನ್ನು ಕರೆತಾ ಎನ್ನುವುದು ಇವನಿಗೆ ಆಮೇಲೆ ನೆನಪಾಯಿತು. ಮತ್ತೆ ಮಾಡಿದರೆ ಓಬಳೇಶ ಎತ್ತಲಿಲ್ಲ.

“ಓ… ಓ…” ಅನ್ನುತ್ತಿದ್ದ ಮೂರ್ತಪ್ಪ. ಹೆಂಡತಿಯ ಹೆಸರಿನ ಮೊದಲಕ್ಷರದಾಚೆ ನಾಲಿಗೆ ಹೋಗುತ್ತಿರಲಿಲ್ಲ.

ಲಕ್ಷ್ಮೀಕಾಂತ ಬಾಗಿಲಿಗೆ ಓಡಿ ನೋಡಿದ. ಅಡಿಕೆಯ ಕಾಲ, ಕೇರಿಯ ಮನೆಗಳಿಗೆಲ್ಲ ಬೀಗ. ತಾನೇ ಶೆಡ್ಡಿಗೆ ಓಡಿ ಅವ್ವನನ್ನು ಕರೆತರೋಣವೆಂದು ಅಪ್ಪನಿಗೆ ಹೇಳಲು ಬಗ್ಗಿದರೆ, ಮೂರ್ತಪ್ಪನ ಎಡಗೈ ಅವನ ಅಂಗಿಯ ತುದಿ ಹಿಡಿದುಕೊಂಡಿತು. ಹೋಗುವ ಜೀವವನ್ನು ಒಂಟಿಯಾಗಿ ಬಿಡಬಾರದೆಂದು ಮಗನಿಗೂ ಗೊತ್ತು. ಅಂಗಿ ಹಿಡಿದ ಕೈ ಸ್ವಲ್ಪ ಹೊತ್ತಿಗೆ ಸಡಿಲಾಗಿ ಮಂಚದ ಪೈಪಿನ ಮೇಲೆ ಬಿತ್ತು. ಬೆರಳು ಆಡಿದವು. ಎರಡು ಪೆಟ್ಟು, ಒಂದು ತಡೆ, ಒಂದು ಪೆಟ್ಟು.

ಕರಿ ಅವಳನ್ನ ಎಂದು ಬೆರಳಲ್ಲೇ ಹೇಳುತ್ತಿದ್ದ ಅಪ್ಪ. ಲಕ್ಷ್ಮೀಕಾಂತನಿಗೆ ಆ ಗಾಬರಿಯಲ್ಲೂ ಒಂದು ಧೈರ್ಯ ಬಂತು. ಅವತ್ತು ಹರುಕು ಬಡಿತಕ್ಕೇ ಊರಿಗೆ ಊರೇ ಓಡಿ ಬಂದಿತ್ತಲ್ಲ. ಸ್ಪೀಕರನ್ನು ಹೊಸ್ತಿಲಿಗೆ ಎಳೆದು, ಬಾಯಿ ಶೆಡ್ಡಿನ ಕಡೆ ತಿರುಗಿಸಿ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಗೋಡೆಯ ಮಣ್ಣು ಉದುರಿತು. ಬಂದು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಪ್ರತಿ ತಡೆಯಲ್ಲೂ ಕಿವಿ ಕೊಟ್ಟ. ಹೆಜ್ಜೆ ಸಪ್ಪಳವಿಲ್ಲ. ಮೂರ್ತಪ್ಪನೂ ಕಿವಿ ಕೊಡುತ್ತಿದ್ದ. ಪೆಟ್ಟು ನಿಂತಾಗಲೆಲ್ಲ ಅವನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು, ಪೆಟ್ಟು ಬಿದ್ದ ಮೇಲೆ ಮಗನ ಮುಖಕ್ಕೆ ವಾಪಸು ಬರುತ್ತಿತ್ತು. ಬೀದಿಯಲ್ಲಿ ಆಡುಗಳು ಬಂದವು, ಹಿಂದೆ ಚಿಕ್ಕತಿಮ್ಮಪ್ಪ. ಲಕ್ಷ್ಮೀಕಾಂತ ಕೂತಲ್ಲಿಂದಲೇ ಗಂಟಲು ಹರಿಯುವಂತೆ ಕೂಗಿದ. ಅವನ ಕೂಗನ್ನು ಅವನದೇ ಸ್ಪೀಕರ್ ನುಂಗಿತು. ಮುದುಕ ಬಡಿತಕ್ಕೆ ತಲೆ ತೂಗಿ, ಭೇಷ್ ಎಂಬಂತೆ ಕೋಲು ಮೇಲೆತ್ತಿ ತೋರಿಸಿ ಮುಂದಕ್ಕೆ ಹೋದ. ಅಪ್ಪನ ತಲೆಯನ್ನು ದಿಂಬಿಗೆ ಇಳಿಸಿ, ಸ್ಪೀಕರ್ ದಾಟಿ ಬೀದಿಗೆ ಬರುವಷ್ಟರಲ್ಲಿ ಆಡಿನ ಧೂಳು ಮಾತ್ರ ಉಳಿದಿತ್ತು.

ಒಳಗೆ ಬಂದಾಗ ಮೂರ್ತಪ್ಪನ ಬೆರಳು ಪೈಪಿನ ಮೇಲೆ ಇನ್ನೂ ಆಡುತ್ತಿದ್ದವು. ಚಮಚದಲ್ಲಿ ನೀರು ಬಿಟ್ಟರೆ ಕಟಬಾಯಿಯಿಂದ ಹೊರಗೆ ಹರಿಯಿತು. ಅವ್ವ ಬರ್ತಾಳೆ, ಬರ್ತಾಳೆ ಎಂದು ಕಿವಿಯ ಹತ್ತಿರ ಹೇಳುತ್ತ ಹೋದ. ಯಾವ ಸುತ್ತಿನಲ್ಲಿ ಬೆರಳು ನಿಂತವೋ ಅವನಿಗೆ ತಿಳಿಯಲಿಲ್ಲ. ಬಡಿತ ಮಾತ್ರ ನಿಂತಿರಲಿಲ್ಲ, ಕಣ್ಣು ಬಾಗಿಲ ಕಡೆಯೇ ಇತ್ತು. ಲಕ್ಷ್ಮೀಕಾಂತ ಆ ಕಣ್ಣು ಮುಚ್ಚಿಸಿದ. ಸ್ಪೀಕರ್ ಬಂದ್ ಮಾಡಲಿಲ್ಲ. ಈಗಲಾದರೂ ಯಾರಾದರೂ ಬರುತ್ತಾರೆಂದು ಹಾಗೇ ಬಿಟ್ಟು ಕೂತ.

ಬಂದವನು ಓಬಳೇಶ, ಹೊತ್ತು ಇಳಿದ ಮೇಲೆ. ಒಳಗೆ ನೋಡಿದವನೇ ಸ್ಪೀಕರಿನ ವೈರು ಕಿತ್ತ. ಶೆಡ್ಡಿಗೆ ಹೋಗಿ ಅಮ್ಮನನ್ನು ಕರೆತರುತ್ತೇನೆ ಎಂದು ಆಟೋದ ಕಡೆ ತಿರುಗುವಷ್ಟರಲ್ಲಿ ಓಬವ್ವನೇ ಬೀದಿಯ ತಿರುವಿನಲ್ಲಿ ಕಂಡಳು. ತಲೆಯ ಮೇಲೆ ಅಡಿಕೆ ಸಿಪ್ಪೆಯ ಚೀಲ, ಕೈಯಲ್ಲಿ ಗಂಡನಿಗೆಂದು ತಂದ ಬಾಳೆಹಣ್ಣು. ಆಟೋ ನೋಡಿ, ನಾಳೆಯ ಮೆರವಣಿಗೆಗೆ ಸ್ಪೀಕರ್ ಸಾಗಿಸಲು ಬಂದಿದೆ ಎಂದುಕೊಂಡಳು. ಹೊಸ್ತಿಲಲ್ಲಿ ಕೂತ ಮಗನನ್ನು ನೋಡಿ ದೂರದಿಂದಲೇ ಮಾತು ಶುರುಮಾಡಿದಳು.

“ಇವತ್ತು ಭಾರಿ ಹೊತ್ತು ಬಾರಿಸ್ದೆ ಬಿಡಪ್ಪ. ಯಲ್ಲಕ್ಕ ಮಧ್ಯದಾಗೆ ಒಂದ್ಸಲ ಹೋಗಿ ನೋಡ್ಕಂಡು ಬಾ ಅಂದ್ಲು. ನಾನೇ ಬ್ಯಾಡ ಅಂದೆ. ಶೆಡ್ಡಿನಾಗೆ ಎಲ್ರೂ ಹೇಳಿದ್ರು, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ಅಂತ.”

ಲಕ್ಷ್ಮೀಕಾಂತ ಏಳಲಿಲ್ಲ. ಓಬಳೇಶ ತಲೆ ತಗ್ಗಿಸಿದ. ಓಬವ್ವ ಇಬ್ಬರ ಮುಖವನ್ನೂ ನೋಡಿದಳು, ಚೀಲ ಇಳಿಸಿದಳು, ಮಗನ ತಲೆಯ ಮೇಲಿನಿಂದ ಒಳಗೆ ಮಂಚದ ಕಡೆ ನೋಡಿದಳು. ಅವಳ ಬಲಗೈ ಹೋಗಿ ಎಡಗೈಯ ಬಳೆಗಳನ್ನು ಮುಚ್ಚಿ ಹಿಡಿದುಕೊಂಡಿತು.

“ಕರೆದ್ರಾ ನನ್ನ?” ಎಂದು ಕೇಳಿದಳು.

“ಕರೆದ್ರು ಕಣವ್ವ.”



“ಕೇಳಿಸ್ತಿತ್ತು ನನಗೆ,” ಅಂದಳು. “ಎಲ್ಲಾ ಕೇಳಿಸ್ತಿತ್ತು.”

ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಮಗನನ್ನು ದಾಟಿ ಒಳಗೆ ಹೋದಳು.